ಓದಿ ಮುಗಿದ ಹಾಳೆಗಳು

ಒಲೆ ಹೊತ್ತಲೊಲ್ಲದು. ಜಂಬಮ್ಮ ಊದುಗೊಳವೆ ಬಾಯಿಗಿಟ್ಟು ಊದಿದಷ್ಟೂ ಹೊಗೆ ಎದ್ದು ಅವಳ ಮುಖಕ್ಕೇ ಬರುತ್ತಿತ್ತು. ಹಿಂದಿನ ದಿನದ ಮಳೆಗೆ ಅಂಗಳದಲ್ಲಿದ್ದ ಕಟ್ಟಿಗೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಚಿಮಣಿ ಎಣ್ಣೆಯ ಡಬ್ಬಿಯನ್ನು ಬೋರಲು ಹಿಡಿದರೂ ಒಂದು ಹನಿ ಇಳಿಯಲಿಲ್ಲ. ಬೆನ್ನ ಹಿಂದೆ, ಹೊಸ್ತಿಲ ಪಕ್ಕದಲ್ಲಿ, ಅತ್ತೆ ಮುದುಕಮ್ಮ ಕಾಲು ಚಾಚಿ ಕೂತಿದ್ದಳು. ಕುರ್ಡಿಯಿಂದ ಮೊದಲ ಬಸ್ಸಿಗೆ ಹೊರಟು, ಮಾನ್ವಿಯಲ್ಲಿ ಬಸ್ಸು ಬದಲಿಸಿ, ಶೇಂಗಾದ ಚೀಲ ಹೊತ್ತುಕೊಂಡು ರಾಯಚೂರಿಗೆ ಬಂದಿಳಿದಿದ್ದ ಆಕೆಗೆ ಈಗ ಚಹ ಬೇಕಾಗಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳುವ ಪೈಕಿ ಅಲ್ಲ ಅವಳು. ಸುಮ್ಮನೆ ಕೂತು ಒಲೆಯನ್ನೇ ನೋಡುತ್ತಿದ್ದಳು.

"ಪ್ಯಾಟಿ ಸೇರಿ ಒಲಿ ಹಚ್ಚೂದೂ ಮರತೀ ಏನಬೇ?" ಎಂದಳು ಕೊನೆಗೆ, ದನಿ ಏರಿಸದೆ.

"ಹೊತ್ತಾಕತ್ತೇದ ಅತ್ತಿ. ಕಟ್ಟಿಗಿ ಹಸಿ ಅದಾವ."

"ಹಸಿ ಕಟ್ಟಿಗಿ ನಮ್ಮೂರಾಗೂ ಇರ್ತಾವ."

ಆ ಮಾತು ಜಂಬಮ್ಮನಿಗೆ ಚುರ್ ಎಂದಿತು. ಒಂದು ತುಂಡು ಕಾಗದ ಸಿಕ್ಕರೆ ಸಾಕಿತ್ತು. ಮನೆಯಲ್ಲಿದ್ದ ಒಂದೇ ಒಂದು ಹಳೆಯ ಪೇಪರಿನಲ್ಲಿ ಗಂಡ ಸಾಬಣ್ಣ ರಾತ್ರಿಯ ರೊಟ್ಟಿ ಕಟ್ಟಿಕೊಂಡು ಶಕ್ತಿನಗರದ ಕೆಲಸಕ್ಕೆ ಹೋಗಿಯಾಗಿತ್ತು. ಅವಳು ಗೋಡೆಯ ಗೂಡಿಗೆ ಕೈ ಹಾಕಿದಳು. ಅಲ್ಲಿ ಕಡ್ಡಿಪೆಟ್ಟಿಗೆ, ಕುಂಕುಮದ ಭರಣಿ, ಅವುಗಳ ಪಕ್ಕದಲ್ಲಿ ಕುಬ್ರಾ ಬೇಗಂರ ಉರ್ದು ಪುಸ್ತಕ. ಎಲ್ಲಿವರೆಗೆ ಓದಿಯಾಗಿದೆ ಎಂಬುದಕ್ಕೆ ಗುರುತಾಗಿ ಸರಿಸುಮಾರು ನಡುವೆ ಕೆಂಪು ದಾರ ಇತ್ತು.

ಅವಳು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದಳು. ದಾರದಿಂದ ಆಚೆಗಿನ ಒಂದು ಹಾಳೆಯನ್ನೂ ಮುಟ್ಟಬಾರದು ಎಂದುಕೊಂಡಳು. ಕಾಳು ಬಿಡಿಸಿಕೊಂಡ ಮೇಲೆ ತೆನೆಯನ್ನು ಯಾರು ಎತ್ತಿಡುತ್ತಾರೆ, ಓದಿ ಮುಗಿದ ಹಾಳೆಯಿಂದ ಯಾರಿಗೇನಾಗಬೇಕು ಎಂದುಕೊಂಡಳು. ರಟ್ಟು ತೆಗೆದು, ಮೊದಲಿಗೆ ಸಿಕ್ಕ ಹಾಳೆಗಳನ್ನು ಒಂದು ಹಿಡಿ ಕಿತ್ತು ಒಲೆಗೆ ತುರುಕಿ ಕಡ್ಡಿ ಗೀರಿದಳು. ಹಳೆಯ ಕಾಗದ, ಭಗ್ಗನೆ ಹತ್ತಿಕೊಂಡಿತು. ಕಟ್ಟಿಗೆಯೂ ಹಟ ಬಿಟ್ಟಿತು. ಮುದುಕಮ್ಮ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಚಹ ಕುಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಮೆಚ್ಚಿದಳು ಎಂದೇ ಅರ್ಥ.

ಕುಬ್ರಾ ಬೇಗಂ ಆ ಮನೆಯ ಒಡತಿ. ಅಂಗಳದ ಆಚೆ ದೊಡ್ಡ ಮನೆಯಲ್ಲಿ ಅವರು, ಮಗ, ಸೊಸೆ. ಈಚೆ ಒಂದು ಕೋಣೆಯಲ್ಲಿ ಬಾಡಿಗೆಗೆ ಸಾಬಣ್ಣ, ಜಂಬಮ್ಮ. ಓಣಿಯವರೆಲ್ಲ ಕರೆದಂತೆ ಜಂಬಮ್ಮನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಖಾಲಾಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಪ್ಪ ಕನ್ನಡಕ ಹಾಕಿಕೊಂಡೂ ಅಕ್ಷರವನ್ನು ಮೂಗಿನ ಹತ್ತಿರ ತಂದು ಓದಬೇಕಿತ್ತು. ತಾಯಿ ಈ ವಯಸ್ಸಿನಲ್ಲಿ, ಅದೂ ಈ ಕಣ್ಣಿನಲ್ಲಿ, ರಾಜರಾಣಿಯರ ಕಾದಂಬರಿ ಓದುತ್ತ ಕೂರುವುದು ಮಗನಿಗೆ ಸೇರುತ್ತಿರಲಿಲ್ಲ. ಹಾಗಾಗಿ ಪುಸ್ತಕ ಅಂಗಳ ದಾಟಿ ಜಂಬಮ್ಮನ ಗೂಡು ಸೇರಿತ್ತು.

"ಜಂಬೂ, ಇದು ನನ್ನ ಅಮಾನತ್. ನಿನ್ನ ಹತ್ರ ಇರ್ಲಿ," ಎಂದಿದ್ದರು ಕೊಡುವಾಗ.

ಜಂಬಮ್ಮನಿಗೆ ಗೊತ್ತಿದ್ದ ಅಮಾನತು ಒಂದೇ. ತಪ್ಪು ಮಾಡಿದ ನೌಕರರನ್ನು ಸರ್ಕಾರ ಮನೆಗೆ ಕಳಿಸುತ್ತದಲ್ಲ, ಅದು.

"ಪುಸ್ತಕ ಏನ್ ತಪ್ಪು ಮಾಡೇದ್ರಿ ಖಾಲಾ?"

ಕುಬ್ರಾ ಬೇಗಂ ಕನ್ನಡಕ ಜಾರುವಷ್ಟು ನಕ್ಕಿದ್ದರು. "ಅದಲ್ಲಬೇ ಹುಚ್ಚಿ. ಅಮಾನತ್ ಅಂದ್ರ ನಂಬಿ ಇಟ್ಟದ್ದು. ಇಟ್ಟವರು ಕೇಳಿದಾಗ ಹ್ಯಾಂಗ ಕೊಟ್ಟಿದ್ರೋ ಹಾಂಗ ತಿರುಗಿ ಕೊಡಬೇಕು."

ಮಧ್ಯಾಹ್ನ ಮಗ ಗಂಜ್ ಮಾರುಕಟ್ಟೆಯ ಅಂಗಡಿಗೆ ಹೋದ ಮೇಲೆ ಖಾಲಾ ಈಚೆ ಬರುತ್ತಿದ್ದರು. ಬಂದು ಹಗ್ಗದ ಹೊರಸಿನ ಮೇಲೆ ಕೂರುವರು. ಜಂಬಮ್ಮ ಎದುರಿಗೆ ನೆಲದ ಮೇಲೆ, ಮುಂದೆ ಮೊರ ಇಟ್ಟುಕೊಂಡು. ಖಾಲಾ ಉರ್ದುವಿನಲ್ಲಿ ಒಂದು ಸಾಲು ಮನಸ್ಸಿನೊಳಗೇ ಓದಿಕೊಂಡು, ಕನ್ನಡದಲ್ಲಿ ಎರಡು ಸಾಲು ಹೇಳುವರು. ಎದುರಿಗೆ ಕೂತು ನೋಡುವವಳಿಗೆ, ತಿರುವಿದ ಹಾಳೆಗಳು ತನ್ನ ಎಡಕ್ಕೇ ಬೀಳುತ್ತಿದ್ದವು, ತವರೂರು ಗೂಗಲ್ಲಿನ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ತಾನು ಓದಿದ ಪುಸ್ತಕಗಳ ಹಾಗೆಯೇ. ಅನುಮಾನಪಡುವಂಥದ್ದು ಏನೂ ಅದರಲ್ಲಿರಲಿಲ್ಲ.

ಕಥೆ ಒಬ್ಬ ಬಾದಶಹನದು, ಅವನ ದರ್ಬಾರಿನ ಚಿತ್ರಗಾರನದು. ಖಾಲಾ ಅವನನ್ನು ಮುಸವ್ವಿರ್ ಎನ್ನುತ್ತಿದ್ದರು. ಹೆಸರು ಯಾಕೂಬ್. ಬಾದಶಹನ ಚಿಕ್ಕ ಬೇಗಂ ತೀರಿಕೊಂಡಿದ್ದಾಳೆ. ಅವಳ ಒಂದು ಚಿತ್ರವೂ ಇಲ್ಲ. ಜನಾನಾದೊಳಗಿದ್ದ ಹೆಣ್ಣು, ಯಾಕೂಬ ಅವಳ ನೆರಳನ್ನೂ ಕಂಡವನಲ್ಲ. ಆದರೂ ಬರೆಯಬೇಕು. ಬಾದಶಹ ನೆನಪು ಮಾಡಿಕೊಂಡು ಹೇಳುತ್ತಾನೆ, ಇವನು ಕೇಳಿಸಿಕೊಂಡು ಬರೆಯುತ್ತಾನೆ. ಬರುವ ಈದ್ ಹಬ್ಬದ ಚಂದ್ರ ಕಾಣುವುದರೊಳಗೆ ಮುಗಿಸಬೇಕು. ಮುಖ ಅವಳದೇ ಆಗಿದ್ದರೆ ಜಹಗೀರು, ಆಗದಿದ್ದರೆ ಬಲಗೈ ಕಡಿಸುತ್ತಾನೆ.

"ಕೊನಿಗೆ ಏನಾಕ್ಕದ್ರಿ?" ಎಂದು ಜಂಬಮ್ಮ ಮೊದಲ ದಿನವೇ ಕೇಳಿದ್ದಳು.

"ನನಗೂ ಗೊತ್ತಿಲ್ಲ. ಮದುವಿ ಆದ ವರ್ಷ ನಮ್ಮವರು ಹೈದರಾಬಾದಿನಿಂದ ತಂದುಕೊಟ್ಟಿದ್ರು. ಅರ್ಧ ಓದಿದ್ದೆ. ಸೊಸಿ ಕಥೀ ಓದಕೋತ ಕುಂತಾಳಂತ ಅತ್ತಿ ಕಸಗೊಂಡು ಟ್ರಂಕಿನಾಗ ಹಾಕಿ ಕೀಲಿ ಹಾಕಿದ್ರು. ಅವರು ಹೋದ್ರು, ನಮ್ಮವರೂ ಹೋದ್ರು. ಈಗ ಟ್ರಂಕ್ ತಗದೆ." ಖಾಲಾ ರಟ್ಟಿನ ಮೇಲೆ ಅಂಗೈ ಸವರಿದರು. "ರೊಟ್ಟಿ ಬಡಿಯೋವಾಗ, ಬಾಣಂತನದಾಗ, ಯಾವಾಗಂದ್ರ ಅವಾಗ ನೆಪ್ಪಾಕ್ಕಿತ್ತು. ಆ ಯಾಕೂಬನ ಕೈ ಉಳೀತೋ ಹೋತೋ ಅಂತ."

ಅತ್ತೆ ಕುರ್ಡಿಗೆ ವಾಪಸು ಹೋದ ಮರುದಿನ ಮತ್ತೆ ಓದು ನಡೆಯಿತು. ದಾರ ಇದ್ದಲ್ಲಿ ಪುಸ್ತಕ ತೆರೆದು ಖಾಲಾ ಎಂದಿನಂತೆ ಮುಂದುವರಿಸಿದರು. ಜಂಬಮ್ಮನೂ ನಿಶ್ಚಿಂತೆಯಿಂದ ಶೇಂಗಾ ಒಡೆಯುತ್ತ ಕೇಳಿದಳು. ಕಿತ್ತ ವಿಷಯ ಒಂದೆರಡು ಸಲ ನೆನಪಾಯಿತು, ಹೇಳಬೇಕೆನಿಸಲಿಲ್ಲ. ಓದಿದ್ದನ್ನೇ ತಿರುಗಿ ಓದುವಷ್ಟು ಕಣ್ಣು ಖಾಲಾಗೆಲ್ಲಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಖಾಲಾ ಓದುವುದನ್ನು ನಿಲ್ಲಿಸಿ ಕರೆದರು. "ಇಲ್ಲಿ ಬಾ ಜಂಬೂ, ನನ್ನ ಬಾಜೂ ಕುಂದ್ರು. ಯಾಕೂಬನ ಚಿತ್ರ ಅದ ನೋಡು."

ಜಂಬಮ್ಮ ಕೈ ಒರೆಸಿಕೊಂಡು ಹೊರಸಿನ ಮೇಲೆ ಅವರ ಪಕ್ಕ ಕೂತಳು. ಮಸುಕಾದ ಕಪ್ಪು ಗೆರೆಗಳ ಚಿತ್ರ. ಗಡ್ಡದ ಮನುಷ್ಯನೊಬ್ಬ ಮಂಡಿಯೂರಿ ಬರಿದಾದ ಹಲಗೆಯ ಮುಂದೆ ಕೂತಿದ್ದ. ಪಾಪ, ಎಷ್ಟು ತೆಳ್ಳಗಿದ್ದಾನೆ ಎಂದು ಅವಳು ಅನ್ನುವಷ್ಟರಲ್ಲಿ ಖಾಲಾ ಹಾಳೆ ತಿರುವಿದರು. ಹಾಳೆ ಬಲಕ್ಕೆ ಬಿತ್ತು. ಜಂಬಮ್ಮ ಕಣ್ಣು ಪಿಳಿಪಿಳಿ ಮಾಡಿ ನೋಡಿದಳು. ಖಾಲಾ ಇನ್ನೊಂದು ಹಾಳೆ ತಿರುವಿದರು. ಅದೂ ಬಲಕ್ಕೆ.

"ಖಾಲಾ, ನೀವು ಹಿಂದಿನಿಂದ ಓದಾಕತ್ತೀರೇನು?"

"ಹಿಂದಿನಿಂದ ಯಾಕಬೇ? ನಮ್ಮ ಪುಸ್ತಕ ಈ ಕಡಿಂದನ ಚಾಲೂ. ನಿಮ್ಮ ಮೊದಲ್ನೇ ಹಾಳಿ ಅಂದ್ರ ನಮ್ಮ ಕೊನೀ ಹಾಳಿ," ಎಂದು ಅವರು ಓದಿಗೆ ಮರಳಿದರು.

ಜಂಬಮ್ಮ ಬಗ್ಗಿ ಪುಸ್ತಕವನ್ನು ನೋಡಿದಳು. ಎಡಗಡೆ ಉಳಿದಿದ್ದ ಹಾಳೆಗಳು ಬೆರಳಿನ ದಪ್ಪವೂ ಇರಲಿಲ್ಲ. ಅವುಗಳ ತುದಿಯಲ್ಲಿ, ರಟ್ಟಿನ ಒಳಗೆ, ತಾನು ಕಿತ್ತ ಜಾಗ. ಯಾಕೂಬನ ಕೈ ಉಳಿಯಿತೋ ಹೋಯಿತೋ ಎನ್ನುವುದನ್ನೇ ಅವಳು ಒಲೆಗೆ ಹಾಕಿ ಅತ್ತೆಗೆ ಚಹ ಕಾಸಿಕೊಟ್ಟಿದ್ದಳು. ಆ ದಿನ ಮುಂದೆ ಖಾಲಾ ಏನು ಓದಿದರೋ ಒಂದೂ ಅವಳ ಕಿವಿಗೆ ಬೀಳಲಿಲ್ಲ.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಹೇಳಿಬಿಡಬೇಕು ಎಂದು ಬೆಳಿಗ್ಗೆ ನಿರ್ಧಾರ ಮಾಡುವಳು. ನಳದ ಹತ್ತಿರ ಖಾಲಾ ಸಿಕ್ಕಿ, "ಇವತ್ತು ಬೇಗ ಕೆಲಸ ಮುಗಿಸು ಬೇಟಿ, ಬಾದಶಹ ಏನಂತಾನ ನೋಡೂನು," ಎಂದರೆ ಕೊಡ ಎತ್ತಿಕೊಂಡು ಒಳಗೆ ಬಂದುಬಿಡುವಳು. ರವಿವಾರ ಸಾಬಣ್ಣ ಮನೆಯಲ್ಲಿದ್ದಾಗ ಅವನ ಮುಂದೆ ಎಲ್ಲ ಒದರಿದಳು.

"ಅಷ್ಟಕ್ಕ ಯಾಕ ಹಿಂಗ ಮಾಡಾಕತ್ತಿ? ಹೇಳಿಬಿಡು," ಎಂದ ಅವನು. "ಬೈತಾರ. ಭಾಳಂದ್ರ ಮನಿ ಬಿಡು ಅಂತಾರ."

"ಬಿಡು ಅಂದ್ರ ಚಲೋ ಇತ್ತು," ಎಂದಳು ಜಂಬಮ್ಮ. "ಅವರು ಏನೂ ಅನ್ನಂಗಿಲ್ಲ. ಸುಮ್ನ ಪುಸ್ತಕ ಮುಚ್ಚಿ ಎದ್ದು ಹೋಗ್ತಾರ. ಅದನ್ನ ನನ್ನ ಕೈಲೆ ನೋಡಾಕ ಆಗಂಗಿಲ್ಲ."

ಸಾಬಣ್ಣನಿಗೆ ಅದು ಅರ್ಥವಾಗಲಿಲ್ಲ. ಅವನು ಬೀಡಿ ಸೇದಲು ಹೊರಗೆ ಹೋದ.

ಆಮೇಲೆ ಅವಳಿಗೊಂದು ಕೆಟ್ಟ ಬುದ್ಧಿ ಹೊಳೆಯಿತು. ಕೋಣೆಯಲ್ಲಿ ಇಲಿಗಳಿಗೇನು ಬರಗಾಲವಿರಲಿಲ್ಲ. ಇಲಿ ಕಡಿದರೆ ಯಾರೇನು ಮಾಡಲಿಕ್ಕಾಗುತ್ತದೆ? ಬೆಲ್ಲವನ್ನು ನೀರಲ್ಲಿ ಕಲಸಿ, ಕಿತ್ತ ಹಾಳೆಗಳ ಬುಡಕ್ಕೆ, ರಟ್ಟಿನ ಅಂಚಿಗೆ ಸವರಿ, ಪುಸ್ತಕವನ್ನು ಗೂಡಿನಲ್ಲಿಟ್ಟಳು. ಇಲಿಗಳು ಅದರತ್ತ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಶೇಂಗಾದ ಚೀಲಕ್ಕೇ ತೂತು ಕೊರೆದು ಹೋದವು. ಮರುದಿನ ಮಧ್ಯಾಹ್ನ ಖಾಲಾ ಪುಸ್ತಕ ಕೈಗೆತ್ತಿಕೊಂಡಾಗ ಎಡಗಡೆಯ ರಟ್ಟಿನಿಂದ ಕೆಂಪಿರುವೆಗಳ ಸಾಲು ಅವರ ಮುಂಗೈ ಮೇಲೆ ಹರಿಯಿತು.

ಜಂಬಮ್ಮನ ಕೈಯಲ್ಲಿದ್ದ ಶೇಂಗಾ ಒಡೆಯದೆ ಹಾಗೇ ಉಳಿಯಿತು.

ಖಾಲಾ ಆ ರಟ್ಟನ್ನು ತುಸುವೇ ಎತ್ತಿ, ಕನ್ನಡಕದ ಹತ್ತಿರ ತಂದು ನೋಡಿದರು. ಬೆರಳಿಂದ ಅಂಚು ಮುಟ್ಟಿದರು. ಬೆರಳನ್ನು ಮೂಸಿದರು. ಆಮೇಲೆ ಒಂದು ಇರುವೆಯನ್ನೂ ಸಾಯಿಸದೆ ಉಫ್ ಉಫ್ ಎಂದು ಊದಿ, ಸೆರಗಿನ ತುದಿಯನ್ನು ಒದ್ದೆ ಮಾಡಿ ಅಂಟು ಒರೆಸಿದರು.

"ನೋಡಬೇ," ಎಂದರು. "ಕಥೀ ಸಿಹಿ ಅದ ಅಂತ ಇರುವಿಗೂ ಗೊತ್ತಾಗೇದ."

ಮತ್ತೆ ದಾರವಿದ್ದಲ್ಲಿ ತೆರೆದು ಓದತೊಡಗಿದರು. ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅವರು ಕಂಡರೋ ಕಾಣಲಿಲ್ಲವೋ, ಆ ಕಣ್ಣಿಗೆ ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ಯಾರಿಗೆ ಗೊತ್ತು? ಜಂಬಮ್ಮ ಕಾಳನ್ನು ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯನ್ನು ಕಾಳಿನ ಡಬ್ಬಿಗೆ ಹಾಕುತ್ತ ಕೂತಳು.

ಎರಡು ದಿನ ಬಿಟ್ಟು ಇನ್ನೊಂದು ನಡೆಯಿತು. ಪಾತ್ರೆ ತಿಕ್ಕಲು ಬೂದಿ ಬೇಕೆಂದರೆ ಖಾಲಾ ಮನೆಯವರು ಜಂಬಮ್ಮನ ಒಲೆಯ ಬೂದಿಯನ್ನೇ ಒಯ್ಯುತ್ತಿದ್ದರು. ಅವರದು ಗ್ಯಾಸಿನ ಒಲೆ. ಆ ಸಂಜೆ ಅಂಗಳದ ಕಲ್ಲಿನ ಮೇಲೆ ಪಾತ್ರೆಗೆ ಕೂತಿದ್ದ ಖಾಲಾ ಬೂದಿಯೊಳಗಿಂದ ಏನನ್ನೋ ಹೆಕ್ಕಿ ತೆಗೆದರು. ಉಗುರಿನಷ್ಟು ಅಗಲದ ಕಾಗದದ ಚೂರು, ಅಂಚು ಕರ್ರಗೆ ಸುಟ್ಟಿತ್ತು. ಕೈ ತೊಳೆದುಕೊಂಡು ಬಂದು, ಚೂರನ್ನು ಊದಿ, ಕಣ್ಣಿಗೆ ಒತ್ತಿಕೊಂಡು ರವಿಕೆಯೊಳಗೆ ಇಟ್ಟುಕೊಂಡರು. ನೀರಿನ ಕೊಡ ಹಿಡಿದು ನಿಂತಿದ್ದ ಜಂಬಮ್ಮನನ್ನು ನೋಡಿ, "ಅಕ್ಷರ ಕಾಲಾಗ ಬೀಳಬಾರದು ಬೇಟಿ. ಅದರಾಗ ಯಾರ ಹೆಸರು ಇರ್ತದೋ," ಎಂದರು.

ಕೊಡ ಜಂಬಮ್ಮನ ಸೊಂಟದಿಂದ ಜಾರಿ ಅರ್ಧ ನೀರು ಅಂಗಳಕ್ಕೆ ಚೆಲ್ಲಿತು. ಖಾಲಾಗೆ ಎಲ್ಲ ತಿಳಿದುಹೋಗಿತ್ತು, ಇನ್ನು ಅನುಮಾನವಿರಲಿಲ್ಲ. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಅವಳು ಕಾದಳು. ಕೇಳಿದ್ದರೆ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದಳು. ಅವರು ಕೇಳಲಿಲ್ಲ. ಮಧ್ಯಾಹ್ನವಾದರೆ ಎಂದಿನಂತೆ ಬಂದು, ಎಂದಿನಂತೆ ಒಂದು ಲೋಟ ನೀರು ಕುಡಿದು, ಪುಸ್ತಕ ತೆರೆಯುತ್ತಿದ್ದರು. ದಾರ ಮಾತ್ರ ದಿನದಿನಕ್ಕೆ ಎಡದ ರಟ್ಟಿನ ಹತ್ತಿರ ಸರಿಯುತ್ತಿತ್ತು. ತನ್ನನ್ನು ಇಷ್ಟು ಸತಾಯಿಸುವ ಬದಲು ನಾಲ್ಕು ಮಾತು ಅಂದುಬಿಡಬಾರದೇ ಎಂದು ಜಂಬಮ್ಮನಿಗೆ ಒಮ್ಮೊಮ್ಮೆ ಅವರ ಮೇಲೇ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೂ ಆಮೇಲೆ ನಾಚಿಕೆಯಾಗುತ್ತಿತ್ತು.

ಕಣ್ಣಿನ ಆಪರೇಷನ್ನಿಗೆ ಮಗ ದಿನ ಗೊತ್ತು ಮಾಡಿಸಿ ಬಂದ. ಹೋಗುವ ಹಿಂದಿನ ಮಧ್ಯಾಹ್ನ ಖಾಲಾ ಬಂದಾಗ ಜಂಬಮ್ಮ ಹೊರಸಿನ ಮೇಲೆ, ಅವರ ಪಕ್ಕದಲ್ಲಿ ತನಗೂ ಜಾಗ ಮಾಡಿಟ್ಟು ಕಾಯುತ್ತಿದ್ದಳು. ಪಕ್ಕದಲ್ಲೇ ಕೂತು, ಹಾಳೆ ಮುಗಿಯುವುದನ್ನು ಕಣ್ಣಾರೆ ನೋಡಿ, ಅಲ್ಲೇ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದಳು.

"ಇಲ್ಲಿ ಬ್ಯಾಡ," ಎಂದರು ಖಾಲಾ. "ಅಲ್ಲೇ ಎದುರಿಗೆ ಕುಂದ್ರು, ಮೊದಲಿನಂಗ."

ಜಂಬಮ್ಮ ಕೆಳಗೆ ಕೂತಳು. ಕೈಗೊಂದು ಕೆಲಸವಿರಲಿ ಎಂದು ಮೊರ ಎಳೆದುಕೊಂಡಳು.

ಖಾಲಾ ಓದಿದರು. ಈದಿನ ಚಂದ್ರ ಕಂಡಿದೆ. ಯಾಕೂಬ ಚಿತ್ರದ ಹಲಗೆಯನ್ನು ಹಸಿರು ರೇಷ್ಮೆಯ ಬಟ್ಟೆಯಲ್ಲಿ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ದರ್ಬಾರಿಗೆ ಬಂದಿದ್ದಾನೆ. ವಜೀರರು, ಸರದಾರರು ಎರಡೂ ಬದಿಗೆ ನಿಂತಿದ್ದಾರೆ. ಬಾಗಿಲ ಬಳಿ ಖಡ್ಗದವನೂ ನಿಂತಿದ್ದಾನೆ. ಬಾದಶಹ ಸಿಂಹಾಸನದಿಂದ ಇಳಿದು ಬಂದು ಬಟ್ಟೆಯ ತುದಿ ಹಿಡಿದ.

ಅಲ್ಲಿಗೆ ಖಾಲಾ ನಿಂತರು. ಹಾಳೆಯನ್ನು ತಿರುವಿದರು. ಎದುರಿಂದ ಜಂಬಮ್ಮನಿಗೆ ಪುಸ್ತಕದ ಬೆನ್ನು, ಅದರ ಮೇಲಂಚಿನಲ್ಲಿ ಅವರ ಬೆರಳು ಮಾತ್ರ ಕಾಣುತ್ತಿತ್ತು. ಆದರೆ ಈಗ ಅವರ ಮುಂದಿರುವುದು ಹರಿದ ಕಾಗದದ ಚುಂಗುಗಳು, ಬರಿಯ ರಟ್ಟು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಪುಸ್ತಕ ಮುಚ್ಚುವ ಸದ್ದಿಗಾಗಿ ಕಾದಳು.

"ಬಾದಶಹ ಬಟ್ಟಿ ತಗದ," ಎಂದರು ಖಾಲಾ.

ಜಂಬಮ್ಮ ಕಣ್ಣು ತೆರೆದಳು.

"ತಗದು ನೋಡಿದ. ಅದು ಬೇಗಂ ಮುಖ ಅಲ್ಲ. ಹತ್ತಿರನೂ ಇಲ್ಲ. ಯಾವಕಿದೋ ಮುಖ. ಅಲ್ಲ ಅನ್ನೂದು ಯಾಕೂಬಗೂ ಗೊತ್ತಿತ್ತು. ಆದ್ರ ಇಡೀ ದರ್ಬಾರಿನಾಗ ಅಕೀನ್ನ ಕಂಡಾಂವ ಬಾದಶಹ ಒಬ್ಬನ. ಅಂವ ಹೂಂ ಅಂದ್ರ ಹೂಂ. ಊಹೂಂ ಅಂದ್ರ ಕೈ ಹೋತು."

ಅವರ ದನಿ ಎಲ್ಲೂ ತಡವರಿಸಲಿಲ್ಲ. ಎಷ್ಟೋ ವರ್ಷ ರೊಟ್ಟಿ ಬಡಿಯುತ್ತ, ಮಕ್ಕಳನ್ನು ತೂಗುತ್ತ ಹೇಳಿಕೊಂಡು ಬಾಯಿಪಾಠವಾದದ್ದನ್ನು ಹೇಳುವಂತಿತ್ತು. ಆಗ ಜಂಬಮ್ಮ ನೋಡಿದಳು: ಕನ್ನಡಕ ಅವರ ಕಣ್ಣಿಗಿರಲಿಲ್ಲ. ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೆರಳು ಮಾತ್ರ ಪುಸ್ತಕದೊಳಗೆ ಅವರ ಬಲದಿಂದ ಎಡಕ್ಕೆ, ಬಲದಿಂದ ಎಡಕ್ಕೆ ಹೋಗಿ ಬರುತ್ತಿತ್ತು.

"ಖಾಲಾ, ನಾ..." ಎಂದಳು ಜಂಬಮ್ಮ.

"ಕಥೀ ನಡುವ ಮಾತಾಡಬಾರದು. ಆಮ್ಯಾಲೇನಾತು ಅಂತ ಕೇಳು."

ಜಂಬಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಖಾಲಾ ಕಾದರು. ಕೇಳದೆ ಬೇರೆ ದಾರಿ ಇರಲಿಲ್ಲ.

"ಆಮ್ಯಾಲೇನಾತ್ರಿ?"

"ಬಾದಶಹ ಚಿತ್ರ ಬಿಟ್ಟು ಯಾಕೂಬನ ಕೈ ನೋಡಿದ. ಗಡಗಡ ನಡುಗಾಕತ್ತಿತ್ತು. ಎಷ್ಟು ದಿನದಿಂದ ಇಂವ ಉಂಡಿಲ್ಲ, ನಿದ್ದಿ ಮಾಡಿಲ್ಲ ಅಂತ ಗೊತ್ತಾತು. ನೋಡಿ, ಎಲ್ಲಾರಿಗೂ ಕೇಳೂ ಹಂಗ, ಹೌದು, ಇಕೀನ ನನ್ನ ಬೇಗಂ, ಅಂದ."

"ಸುಳ್ಳು ಹೇಳಿದ್ನಾ?"

"ಬಾದಶಹ ಹೇಳಿದ್ದು ಸುಳ್ಳು ಹ್ಯಾಂಗ ಆಕ್ಕದಬೇ? ಆ ಚಿತ್ರಾನ ಮಹಲಿನಾಗ ತಾ ಮಲಗೂ ಕಡಿ ಗೋಡಿಗೆ ಹಾಕಿಸಿದ. ದಿನಾ ಎದ್ದು ಅದನ್ನ ನೋಡತಿದ್ದ. ನೋಡಿ ನೋಡಿ ರೂಢಿ ಆತು." ಖಾಲಾ ಬೆರಳನ್ನು ರಟ್ಟಿನ ಎಡತುದಿಯವರೆಗೆ ತಂದು ನಿಲ್ಲಿಸಿದರು. "ಇಷ್ಟ. ಮುಗೀತು."

ಹೊರಗೆ ಸೊಸೆ ಸರ್ವರಿ ಬೇಗಂ ಅತ್ತೆಯನ್ನು ಕರೆದಳು. ಆಸ್ಪತ್ರೆಗೆ ಬಟ್ಟೆ ಜೋಡಿಸುವುದಿತ್ತು. ಖಾಲಾ ಪುಸ್ತಕ ಮುಚ್ಚಿ, ಮೊಣಕಾಲಿಗೆ ಕೈಕೊಟ್ಟು ಎದ್ದರು. ಪುಸ್ತಕವನ್ನು ಜಂಬಮ್ಮನ ಮುಂದೆ ಹಿಡಿದರು.

"ಓದಿ ಮುಗೀತಲ್ರಿ," ಎಂದಳು ಅವಳು, ಕೈ ಚಾಚಲಾರದೆ. "ಇನ್ನ ನೀವ ಇಟಗೋರಿ."

"ಮುಗದ್ರೇನಾತು? ಅಮಾನತ್ ಅಮಾನತ್ತ. ಕಣ್ಣಿನ ಪೊರಿ ತಗಸ್ಕೊಂಡು ಬಂದ ಮ್ಯಾಲ ಇನ್ನೊಂದ್ಸಲ ಮೊದಲಿಂದ ಓದೂನು."

ಅವರು ಗೋಡೆ ತಡವುತ್ತ ಅಂಗಳ ದಾಟಿ ಹೋದರು. ಜಂಬಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತಳು. ಕೆಂಪು ದಾರ ಅದರಲ್ಲಿರಲಿಲ್ಲ. ಎಡಗಡೆಯ ರಟ್ಟಿನ ಒಳಗೆ, ಹರಿದ ಚುಂಗುಗಳ ನಡುವೆ, ಅಂಚು ಸುಟ್ಟ ಉಗುರಗಲದ ಚೂರೊಂದು ಇತ್ತು. ಅದು ಬೀಳದಂತೆ ರಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿದಳು.

ಗೂಡಿನಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ತೆಗೆದು ಒಲೆಯ ಆಚೆ ಬದಿಗೆ ಇಟ್ಟು ಬಂದಳು. ಆಮೇಲೆ ಸೆರಗಿನಿಂದ ಗೂಡು ಒರೆಸಿ, ಪುಸ್ತಕವನ್ನು ಖಾಲಾ ತೆರೆಯುವ ಕಡೆ ಮೇಲೆ ಬರುವ ಹಾಗೆ ಇಟ್ಟಳು.